ಮೂರು, ಎರಡು, ಐದು

ತೊಂದರೆಗೆ ಕಾರಣ ಒಂದು ಮೊಳೆ. ದೊಡ್ಡಬಳ್ಳಾಪುರದ ಕೊಂಡಪ್ಪ ತನ್ನ ಮಗ್ಗದ ಮನೆಯ ಗೋಡೆಗೆ ಹೊಡೆದಿದ್ದ ಆ ಒಂದೇ ಮೊಳೆಗೆ ಮುನಿಶಾಮಪ್ಪ ಮೇಷ್ಟ್ರು ಅವನ ರಟ್ಟಿನ ಸರದ ಪಕ್ಕ ತಮ್ಮದನ್ನೂ ನೇತುಹಾಕಿ ಬಂದಿದ್ದರು.

ಮೇಷ್ಟ್ರು ಬಿ.ಎಸ್ಸಿ. ಓದಿದವರು. ಆದರೆ ಅವರು ಸೇರುವಾಗ ಹೈಸ್ಕೂಲಿನಲ್ಲಿ ಖಾಲಿಯಿದ್ದದ್ದು ನೂಲು-ನೇಯ್ಗೆ ಮೇಷ್ಟ್ರ ಜಾಗ. ಸದ್ಯಕ್ಕೆ ಇರಲಿ ಎಂದು ಕೂತವರು ಹನ್ನೊಂದು ವರ್ಷ ನೂಲು ತೆಗೆಯುವ ತಕಲಿ ತಿರುಗಿಸಿದ್ದರು. ಈಗ, ೧೯೭೩ರಲ್ಲಿ, ವಿಜ್ಞಾನದ ಮೇಷ್ಟ್ರು ನಿವೃತ್ತರಾಗಿದ್ದರು. ಇವತ್ತು ಶಾಲೆಯ ತಪಾಸಣೆಗೆ ಬರುವ ಇನ್‌ಸ್ಪೆಕ್ಟರು ಒಂದು ಒಳ್ಳೆಯ ಮಾತು ಬರೆದರೆ ಆ ಜಾಗ ಇವರದು. ಈ ಜನ್ಮಕ್ಕೆ ಅಷ್ಟು ಸಾಕಿತ್ತು ಅವರಿಗೆ.

ಅದಕ್ಕೆಂದೇ ಆರು ತಿಂಗಳು ಕೂತು ಒಂದು ಹಲಗೆ ಮಾಡಿದ್ದರು. ಎಂಟು ಟಾರ್ಚ್ ಬಲ್ಬು, ಎರಡು ಸೆಲ್ಲು, ಎಂಟು ಹಿತ್ತಾಳೆ ಕಡ್ಡಿ. ಕಡ್ಡಿಗಳ ಕೆಳಗೆ ರಟ್ಟು ತೂರಿಸಿದರೆ, ತೂತಿದ್ದ ಕಡೆ ಕಡ್ಡಿ ಅಡಿಯ ತಗಡಿಗೆ ತಾಗಿ ಬಲ್ಬು ಹತ್ತುತ್ತಿತ್ತು. ದೊಡ್ಡ ದೊಡ್ಡ ಗಣಕಯಂತ್ರಗಳಿಗೂ ಹೀಗೆ ತೂತಿನ ರಟ್ಟಿನಲ್ಲೇ ಅಪ್ಪಣೆ ಕೊಡುತ್ತಾರೆಂದು ಅವರು ಓದಿದ್ದರು. ಆ ವಿದ್ಯೆಗೆ ಹಳ್ಳಿ ಮಕ್ಕಳೂ ಕೈ ಹಾಕಲಿ ಎಂಬುದು ಅವರ ಆಸೆ. ರಟ್ಟಿಗೆ ಊರಲ್ಲಿ ಬರವಿರಲಿಲ್ಲ. ಸೀರೆಯ ಅಂಚಿಗೆ ನವಿಲಿನಂಥ ಚಿತ್ತಾರ ತರಲು ಮಗ್ಗಕ್ಕೆ ಹತ್ತಿಸುವುದೂ ಅಂಥದೇ ತೂತಿನ ರಟ್ಟು. ಕೊಂಡಪ್ಪನ ಮನೆಯಲ್ಲೇ ತೂತು ಹೊಡೆದು ದಾರದಲ್ಲಿ ಪೋಣಿಸಿದ್ದರು. ಮೊದಲು ಮೂರು ಬಲ್ಬು, ಆಮೇಲೆ ಎರಡು, ಆಮೇಲೆ ಐದು. ಕೂಡುವ ಲೆಕ್ಕ.

"ಯಂತ್ರ ನೀವು ಹೇಳಿದ್ದನ್ನ ಮಾಡುತ್ತೆ ಕಣ್ರೋ, ನೀವು ಅಂದ್ಕೊಂಡಿದ್ದನ್ನಲ್ಲ" ಎಂದು ಮಕ್ಕಳಿಗೆ ನೂರು ಸಲ ಹೇಳಿದ್ದರು.

ಬೆಳಿಗ್ಗೆ ಸರ ತರಲು ಹೋದಾಗ ಕೊಂಡಪ್ಪ ಟೀ ಕುಡಿಯಲು ಹೋಗಿದ್ದ. ಅವನ ಹೆಂಡತಿ ಅಕ್ಕಯಮ್ಮ ಮೊಳೆಯಿಂದ ಒಂದು ಸರ ಇಳಿಸಿ, ಅರಿಶಿನ ಕುಂಕುಮ ಇಟ್ಟು ಕೊಟ್ಟಳು.

"ಇದು ನಂದೇ ತಾನೇ ಅಕ್ಕಯಮ್ಮ?"

"ಹದ್ನೈದು ವರ್ಸದಿಂದ ರಟ್ಟು ಕಟ್ತಾ ಇವ್ನಿ ಸಾ. ನಂಗೊತ್ತಾಗಕಿಲ್ವಾ?"

ಹದಿನೈದು ವರ್ಷದ ಅನುಭವವನ್ನು ಬಿಚ್ಚಿ ನೋಡುವುದು ಮರ್ಯಾದೆಯಲ್ಲವೆಂದು ಮೇಷ್ಟ್ರು ಹಾಗೇ ಚೀಲಕ್ಕೆ ಹಾಕಿಕೊಂಡರು.

ಶಾಲೆಯಲ್ಲಿ ಹಲಗೆಯ ಸೆಲ್ಲುಗಳೇ ಇರಲಿಲ್ಲ. ಜವಾನ ಪಿಳ್ಳಣ್ಣ ಅವನ್ನು ಹಪ್ಪಳದಂತೆ ಬಿಸಿಲಿಗೆ ಒಣಹಾಕಿದ್ದ.

"ನಮ್ ರೇಡಿಯೋಗೂ ಹಿಂಗೇ ಮಾಡೋದು ಸಾ. ಪವರ್ ಏರ್ತದೆ!"

ಅವನ್ನು ಕೂರಿಸುವಷ್ಟರಲ್ಲಿ ಇನ್‌ಸ್ಪೆಕ್ಟರ ಜೀಪು ಬಂತು. ಸರ ಹಾಕಿ ಪರೀಕ್ಷಿಸಲು ಸಮಯವೇ ಸಿಗಲಿಲ್ಲ.

ಇನ್‌ಸ್ಪೆಕ್ಟರು ಆದಿನಾರಾಯಣಪ್ಪ ನಕ್ಕದ್ದನ್ನು ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ಕುರ್ಚಿಯಲ್ಲಿ ಕೂತು, ಮೇಷ್ಟ್ರು ಬೋರ್ಡಿನ ಮೇಲೆ ಬರೆದಿಟ್ಟಿದ್ದ ಲೆಕ್ಕ ನೋಡಿ, "ಮೂರೂ ಎರಡೂ ಎಷ್ಟು? ನಿಮ್ಮ ಹಲಗೆ ಹೇಳಲಿ" ಎಂದರು.

ಮೇಷ್ಟ್ರು ಮೊದಲ ರಟ್ಟು ಎಳೆದರು. ಒಂದು ಬಲ್ಬು ಹತ್ತಿತು. ಎರಡನೆಯದಕ್ಕೆ ಏಳು. ಮೂರನೆಯದಕ್ಕೆ ಎಂಟೂ ಹತ್ತಿಕೊಂಡವು.

"ಒಂದೂ ಏಳೂ ಎಂಟು ಸಾರ್. ಲೆಕ್ಕ ಸರಿಯಾಗೇ ಇದೆ!" ಎಂದು ಹೆಡ್‌ಮಾಸ್ಟರು ಅಡ್ಡ ಬಂದರು.

ನಾಲ್ಕನೆಯ ರಟ್ಟಿಗೆ ಆರು ಬಲ್ಬು ಹತ್ತಿತು.

"ಈ ಆರು ಎಲ್ಲಿಂದ ಬಂತು?"

"ಅದು ದಶಕ ಸಾ" ಎಂದ ಪಿಳ್ಳಣ್ಣ ಬಾಗಿಲಿನಿಂದಲೇ.

ಐದನೆಯ ರಟ್ಟಿಗೆ ಮೇಷ್ಟ್ರಿಗೆ ಎಲ್ಲವೂ ಅರ್ಥವಾಯಿತು: ಸರ ಅದಲುಬದಲಾಗಿತ್ತು. "ಸಾರ್, ಇದು... ಇದು ನವಿಲು ಸಾರ್."

"ವಿಜ್ಞಾನದಲ್ಲಾ?" ಎಂದು ಇನ್‌ಸ್ಪೆಕ್ಟರು ಗಂಭೀರವಾಗಿ ಕೇಳಿ ಪೆನ್ನು ತೆಗೆದರು.

ಅಷ್ಟರಲ್ಲಿ ಕೊಂಡಪ್ಪ ಒಂದು ಮೊಳ ರೇಷ್ಮೆ ಹಿಡಿದು ಒಳಗೆ ನುಗ್ಗಿದ. ಮೊಳೆಯಲ್ಲಿ ಉಳಿದಿದ್ದ ಸರವನ್ನು ಅಕ್ಕಯಮ್ಮ ಮಗ್ಗಕ್ಕೆ ಹತ್ತಿಸಿದ್ದಳು. ಬಟ್ಟೆ ನೋಡುತ್ತಲೇ ಇವನು ಕತ್ತರಿಸಿ ತಂದಿದ್ದ. "ಮೇಷ್ಟ್ರೇ, ನನ್ ಮನೆ ಹಾಳಾಗೋಯ್ತು! ನವಿಲ್ ಬರೋ ಅಂಚಲ್ಲಿ ಬರೀ ಚುಕ್ಕಿ ಬಂದ್ಬಿಟ್ಟೈತೆ!"

ಇನ್‌ಸ್ಪೆಕ್ಟರು ಬಟ್ಟೆ ಈಸಿಕೊಂಡು, ಕನ್ನಡಕ ಏರಿಸಿ, ಅಂಚಿನ ಮೇಲೆ ಬೆರಳಿಟ್ಟು ಎಣಿಸಿದರು. ಮೂರು ಚುಕ್ಕಿ, ಎರಡು ಚುಕ್ಕಿ, ಐದು ಚುಕ್ಕಿ. ಮತ್ತೆ ಮೂರು, ಎರಡು, ಐದು. ಎಲ್ಲೂ ಒಂದು ಎಳೆ ತಪ್ಪಿರಲಿಲ್ಲ.

"ಲೆಕ್ಕ ಸರಿಯಾಗಿದೆ. ಇದನ್ನು ಮಾಡಿದ್ದು ಯಾರು?"

ಮುಳುಗುತ್ತಿದ್ದ ಮೇಷ್ಟ್ರಿಗೆ ಹುಲ್ಲುಕಡ್ಡಿ ಸಿಕ್ಕಿತು. "ನಾನು ಸಾರ್! ನಾನೇ! ಒಂದೊಂದು ತೂತೂ ನಂದೇ ಸಾರ್!"

ಇನ್‌ಸ್ಪೆಕ್ಟರು ಮೊದಲ ಸಲ ನಕ್ಕರು. ಮಗಳ ಮದುವೆಗೆ ಇದೇ ಅಂಚಿನ ಸೀರೆ ಬೇಕೆಂದು ಕೊಂಡಪ್ಪನಿಗೆ ಅಲ್ಲೇ ಹೇಳಿದರು. ಅಳುತ್ತ ಬಂದವನು ಕೈಮುಗಿದು ಹೊರಟ. ಆಮೇಲೆ ಅವರು ತಪಾಸಣೆ ಪುಸ್ತಕ ಎಳೆದುಕೊಂಡು ಬಹಳ ಹೊತ್ತು ಬರೆದರು. ಜೀಪು ಗೇಟು ದಾಟಿದ ಮೇಲೆ ಹೆಡ್‌ಮಾಸ್ಟರು ಗಟ್ಟಿಯಾಗಿ ಓದಿದರು:

"ಶ್ರೀ ಮುನಿಶಾಮಪ್ಪನವರಿಗೆ ನೇಯ್ಗೆಯಲ್ಲಿರುವ ಪರಿಣತಿ ಅಸಾಧಾರಣ. ಯಾವ ಕಾರಣಕ್ಕೂ ಇವರನ್ನು ಈ ಹುದ್ದೆಯಿಂದ ಕದಲಿಸತಕ್ಕದ್ದಲ್ಲ."

ಹೆಡ್‌ಮಾಸ್ಟರು ಕೈಕುಲುಕಿದರು. ಮೇಷ್ಟ್ರು ಹೇಳಿದ್ದನ್ನೇ ಇನ್‌ಸ್ಪೆಕ್ಟರು ಬರೆದಿದ್ದರು, ಅಂದುಕೊಂಡದ್ದನ್ನಲ್ಲ. ಹಲಗೆಯ ಮೇಲೆ ನವಿಲಿನ ಕತ್ತು ಇನ್ನೂ ಉರಿಯುತ್ತಿತ್ತು. ಬಿಸಿಲು ಕಂಡ ಸೆಲ್ಲುಗಳಲ್ಲಿ ನಿಜಕ್ಕೂ ಪವರ್ ಏರಿತ್ತು.

ಗಂಟೆ ಹೊಡೆದ ಪಿಳ್ಳಣ್ಣ ಒಂದು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ.

"ಮೂರ್ನೇ ಪಿರೀಡು ನಿಮ್ದೇ ಸಾ. ತಕಲಿ ತಂದಿವ್ನಿ."