ಮುಟ್ಟದೆ ತಿಳಿಯಿರಿ

ನಂಜನಗೂಡಿನ ಗುರುಪ್ರಸಾದನ ಮನೆಯಲ್ಲಿ ಆರು ತಿಂಗಳಿಂದ ಯಾರ ಕೈಗೂ ಕವಡೆ ಕಿಮ್ಮತ್ತಿಲ್ಲ. ಮುಟ್ಟದೆ ಬಿಸಿ ಅಳೆಯುವ ಗನ್ನುಗಳ ಏಜೆನ್ಸಿ ಹಿಡಿದ ದಿನದಿಂದ ಆ ಪುಣ್ಯಾತ್ಮ ಏನನ್ನೂ ಮುಟ್ಟಿ ನೋಡುವುದನ್ನೇ ಬಿಟ್ಟಿದ್ದಾನೆ. ಆಸ್ಪತ್ರೆಯವರು ಹಣೆಗೆ ಹಿಡಿಯಲು ಬಿಳಿ ಗನ್ನು, ಕಾರ್ಖಾನೆಯವರು ಮೋಟಾರು ಬಾಯ್ಲರಿಗೆ ಹಿಡಿಯಲು ಹಳದಿ ಗನ್ನು. ವಿಸಿಟಿಂಗ್ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ 'ಮುಟ್ಟದೆ ತಿಳಿಯಿರಿ' ಎಂದು ಅಚ್ಚಾಗಿದೆ. ಹೆಂಡತಿ ಮಂಗಳಗೌರಿಗೆ ಆ ಕಾರ್ಡು ಕಂಡರೆ ಮೈ ಉರಿಯುತ್ತದೆ. (ಎಷ್ಟು ಉರಿಯುತ್ತದೆ ನೋಡೋಣ ಎಂದು ಅವನು ಗನ್ನು ಎತ್ತಿಕೊಂಡು ಬಂದದ್ದೂ ಉಂಟು.)

ಕಾಫಿಗೆ ಹಳದಿ ಗನ್ನು ಹಿಡಿದು "ಅರವತ್ತೊಂದೇ ಡಿಗ್ರಿ" ಎಂದು ಲೋಟ ವಾಪಸು ಕಳಿಸುತ್ತಾನೆ. ಅವನ ತಾಯಿ ರಾಚಮ್ಮ ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎಂದಮೇಲೆ ದೋಸೆ ಹುಯ್ಯುವವರು. ಒಂದು ದಿನ "ಅವ್ವಾ, ಇದು ಅವೈಜ್ಞಾನಿಕ" ಎಂದು ಮಗ ಅಡ್ಡ ನಿಂತು ಡಿಗ್ರಿ ಎಣಿಸುವಷ್ಟರಲ್ಲಿ ಕಾವಲಿ ಕಾದು ಹೊಗೆಯೆದ್ದು ಆ ದಿನ ಮನೆಮಂದಿಗೆಲ್ಲ ಬನ್ನೇ ಗತಿಯಾಯಿತು.

ಇಷ್ಟೆಲ್ಲ ಪ್ರಚಂಡ ವಿಜ್ಞಾನವಿದ್ದರೂ ಆರು ತಿಂಗಳಲ್ಲಿ ಮಾರಾಟವಾದದ್ದು ನಾಲ್ಕು ಗನ್ನು. ಅದರಲ್ಲಿ ಎರಡು ಭಾವಮೈದುನನ ತಲೆಗೆ ಕಟ್ಟಿದ್ದು. ಈ ತಿಂಗಳು ದೊಡ್ಡ ಆರ್ಡರು ಬಾರದಿದ್ದರೆ ಏಜೆನ್ಸಿ ಬೇರೆಯವರಿಗೆ ಎಂದು ಕಂಪನಿಯವರು ಕಡ್ಡಿ ಮುರಿದಂತೆ ಹೇಳಿದ್ದರು. ಆಗ ಸಿಕ್ಕವರು ಮಹಾದೇವಸ್ವಾಮಿಗಳು. ಟಿ. ನರಸೀಪುರದಲ್ಲಿ ಅವರಿಗೆ ಒಂದು ನರ್ಸಿಂಗ್ ಹೋಮು, ಒಂದು ರೈಸ್ ಮಿಲ್ಲು. ಬಿಳಿಯದೂ ಬೇಕು, ಹಳದಿಯದೂ ಬೇಕು, ಒಟ್ಟು ಅರವತ್ತು. ಸೋಮವಾರ ಮಧ್ಯಾಹ್ನ ಮನೆಗೇ ಬಂದು ನೋಡುತ್ತೇನೆ ಎಂದರು. ಊಟಕ್ಕೆ ಒಬ್ಬಟ್ಟು ಎಂದು ಗುರುಪ್ರಸಾದ ಹೆಂಡತಿಯನ್ನು ಕೇಳದೆಯೇ ಮಾತು ಕೊಟ್ಟುಬಿಟ್ಟ.

ಸೋಮವಾರ ಬೆಳಿಗ್ಗೆ ಮಂಗಳಗೌರಿ ಏಳಲೇ ಇಲ್ಲ. ರಾಚಮ್ಮ ಸೊಸೆಯ ಕುತ್ತಿಗೆಗೆ ಕೈಯಿಟ್ಟು ನೋಡಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಹಣೆಗೆ ದಪ್ಪಗೆ ಬಳಿದರು.

"ಮೈ ಕೆಂಡ ಆಗದೆ ಕಣ್ಲಾ. ಬರೋರ್ನ ನಾಳೆ ಬರೇಳು."

"ಅವ್ವಾ, ನಿನ್ನ ಕೈಗೇನು ಗ್ಯಾರಂಟಿ ಕಾರ್ಡ್ ಅದಾ?" ಎಂದು ಗುರುಪ್ರಸಾದ ಬಿಳಿ ಗನ್ನು ತಂದು ಹೆಂಡತಿಯ ಹಣೆಗೆ ಗುರಿಯಿಟ್ಟ. ಹಸಿರು ದೀಪ ಹತ್ತಿತು. "ತೊಂಬತ್ತಾರು ಪಾಯಿಂಟ್ ಎರಡು. ಜ್ವರಾನೇ ಇಲ್ಲ."

"ರೀ, ಮೈಕೈ ಎಲ್ಲಾ ನೋಯ್ತಾ ಅದೆ. ಒಂದ್ಸಲ ಕೈ ಇಟ್ಟು ನೋಡ್ಬಾರ್ದಾ?"

"ಕೈ ಸುಳ್ಳು ಹೇಳ್ತದೆ ಕಣೆ, ಮಿಷಿನ್ ಹೇಳಲ್ಲ. ಏಳು, ಬೇಳೆ ಬೇಯಿಸ್ಬೇಕು."

ಮಂಗಳಗೌರಿ ಎದ್ದಳು. ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ಗೋಡೆಗೆ ಒರಗಿಕೊಂಡು ಒಬ್ಬಟ್ಟು ತಟ್ಟಿದಳು. ಅತ್ತೆ ಪಕ್ಕದಲ್ಲಿ ನಿಂತು ಬೇಯಿಸುತ್ತ ಮಗನಿಗೆ ಹಿಡಿಶಾಪ ಹಾಕಿದರು.

ಮಹಾದೇವಸ್ವಾಮಿಗಳು ಬಂದು ಕೈಕಾಲು ತೊಳೆದು, ಊಟಕ್ಕೆ ಮುಂಚೆ ಪದ್ಧತಿಯಂತೆ ಹಸಿ ವಿಭೂತಿ ಧರಿಸಿ ಕೂತರು. ಗುರುಪ್ರಸಾದನ ಹಣೆಯ ಮೇಲೂ ಮೂರು ಪಟ್ಟೆ. ಗನ್ನು ಅವರಿಗೆ ತೊಂಬತ್ತೈದು ಎಂದಿತು, ಇವನಿಗೆ ತೊಂಬತ್ತಾರು.

"ಎಲ್ರುಗೂ ಹಸಿರೇ ಬತ್ತದಲ್ಲಪ್ಪಾ. ಕೆಂಪು ದೀಪ ಹತ್ತದಾ ಇಲ್ವಾ ಇದ್ರಲ್ಲಿ?" ಎಂದರು ಮಹಾದೇವಸ್ವಾಮಿಗಳು.

"ಜ್ವರ ಇರೋರು ಬೇಕಲ್ವಾ ಸಾ. ನಮ್ಮನೇಲಿ ಎಲ್ರೂ ಗಟ್ಟಿಮುಟ್ಟು" ಎಂದು ಗುರುಪ್ರಸಾದ ಹಲ್ಲು ಕಿರಿದ.

ಅದೇ ಹೊತ್ತಿಗೆ ಮಂಗಳಗೌರಿ ಒಬ್ಬಟ್ಟಿನ ತಟ್ಟೆ ಹಿಡಿದು ಬಂದಳು. ಒಲೆಯ ಮುಂದೆ ಬೆವತು ಬೆವತು ಸೆರಗಿನಿಂದ ಒರೆಸಿಕೊಂಡು ಹಣೆಯ ವಿಭೂತಿಯೆಲ್ಲ ಹೋಗಿತ್ತು. ಮಹಾದೇವಸ್ವಾಮಿಗಳು ಕೈಯಲ್ಲಿದ್ದ ಗನ್ನನ್ನು ಸುಮ್ಮನೆ ಅವಳ ಕಡೆ ತಿರುಗಿಸಿ ಒತ್ತಿದರು. ಕೆಂಪು ದೀಪ ಹತ್ತಿ ಗನ್ನು ಕೀಂಯ್ ಕೀಂಯ್ ಎಂದು ಕಿರುಚಿಕೊಂಡಿತು. ನೂರಾ ಎರಡು ಪಾಯಿಂಟ್ ನಾಲ್ಕು.

"ಒಲೆ ಶಾಖ ಸಾ" ಎಂದ ಗುರುಪ್ರಸಾದ.

"ನಿನ್ನ ತಲೆ ಶಾಖ" ಎಂದರು ರಾಚಮ್ಮ. "ಮುಂಜಾನಿಂದ ಬಡ್ಕೋತಾ ಇವ್ನಿ."

ಮಹಾದೇವಸ್ವಾಮಿಗಳು ಡಬ್ಬಿಯೊಳಗಿನ ಚೀಟಿ ತೆಗೆದು ಗಟ್ಟಿಯಾಗಿ ಓದಿದರು. "ಹಣೆ ಒಣಗಿರಬೇಕು. ಹಣೆಯ ಮೇಲೆ ಏನನ್ನೂ ಹಚ್ಚಿರಬಾರದು." ಓದಿ ತಲೆಯೆತ್ತಿ, "ಇದನ್ನ ಬರೆದೋರ್ಯಾರಪ್ಪ?" ಎಂದರು.

"ಕನ್ನಡದಲ್ಲಿ ಬರೆದು ಅಚ್ಚಾಕ್ಸಿದ್ದು ನಾನೇ ಸಾ."

"ಓದೋದು ಬ್ಯಾರೇಯೋರ ಕೆಲ್ಸಾನಾ? ಮಿಷಿನ್ ಚೆನ್ನಾಗದೆ, ಅರವತ್ತೂ ಮುಂದಿನ ಸೋಮವಾರ ಕಳ್ಸು. ಹಿಡಿಯೋದು ಹೆಂಗೆ ಅಂತ ನಮ್ಮ ನರ್ಸ್‌ಗಳಿಗೆ ಹೇಳ್ಕೊಡಕ್ಕೆ ಮಾತ್ರ ನೀನು ಬರಬ್ಯಾಡ, ವಾಸಿ ಆದ್ಮೇಲೆ ಈ ತಾಯೀನ ಕಳ್ಸು. ಈಗ ನೀ ಎದ್ದು ಬಡಿಸು."

ಗುರುಪ್ರಸಾದ ಬಡಿಸಿದ. ಎಲೆ ಎತ್ತಿದ, ಪಾತ್ರೆ ತೊಳೆದ, ವಾರವಿಡೀ ಗಂಜಿ ಕಾಯಿಸಿದ. ಆರ್ಡರು ಸಿಕ್ಕ ಸಂತೋಷಕ್ಕೆ ಅದೇನೂ ಭಾರವಾಗಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಮಾತ್ರ ಅವನೇ ಗಡಗಡ ನಡುಗುತ್ತ ಹಾಸಿಗೆ ಹಿಡಿದಿದ್ದ. ರಾಚಮ್ಮ ಆಗಲೇ ಮಗನ ಹಣೆಗೆ ಹಸಿ ವಿಭೂತಿ ಬಳಿದಾಗಿತ್ತು. ಬೀದಿಯಲ್ಲಿ ಗೂಡ್ಸ್ ಆಟೋ ಹಾರ್ನ್ ಹೊಡೆಯುತ್ತಿತ್ತು. ಮಂಗಳಗೌರಿ ಗೇಣುದೂರ ನಿಂತು ಗನ್ನು ಒತ್ತಿದಳು.

"ತೊಂಬತ್ತಾರು ಪಾಯಿಂಟ್ ಎರಡು. ಜ್ವರಾನೇ ಇಲ್ಲ. ಏಳಿ, ಅರವತ್ತು ಡಬ್ಬಿ ಆಟೋಗೆ ಹಾಕ್ಬೇಕು."

"ವಿಭೂತಿ ಒರೆಸಿ ಹಿಡಿಯೆ..." ಎಂದು ಅವನು ಹಣೆಗೆ ಕೈ ಒಯ್ದ.

"ದೇವ್ರ ವಿಭೂತಿ ಅಳುಸ್ಬ್ಯಾಡ ಕಣ್ಲಾ, ಅಪಚಾರ" ಎಂದು ರಾಚಮ್ಮ ಆ ಕೈಯನ್ನು ಹಿಡಿದುಕೊಂಡರು.

"ಗೌರಿ, ನಿನ್ನ ದಮ್ಮಯ್ಯ ಕಣೆ. ಒಂದೇ ಒಂದ್ಸಲ ಕೈ ಇಟ್ಟು ನೋಡು."

ಮಂಗಳಗೌರಿ ಮೇಜಿನ ಮೇಲಿದ್ದ ವಿಸಿಟಿಂಗ್ ಕಾರ್ಡೊಂದನ್ನು ತಂದು ಅವನ ಎದೆಯ ಮೇಲಿಟ್ಟಳು.

"ಓದ್ಕೊಳಿ. ಇದನ್ನೂ ನೀವೇ ಅಚ್ಚಾಕ್ಸಿದ್ದು."