ಒಂಟಿಗೈ ಪೈಲ್ವಾನ ಮತ್ತು ನನ್ನ ಮೈದುನ

ಟಿವಿಯೊಳಗಿನ ಗೊಂಬೆ ಪೈಲ್ವಾನ ಗೆದ್ದ ಖುಷಿ ತಡೆಯಲಾರದೆ ನನ್ನ ಮೈದುನ ಸತ್ತ ಎಂದು ನಮ್ಮ ಓಣಿಯವರು ಹೇಳುತ್ತಾರೆ. ಸುಳ್ಳು. ಅವನು ಸತ್ತದ್ದು ಎರಡನೆಯ ಸಲ ಲಕ್ವಾ ಹೊಡೆದು. ಗೊಂಬೆ ಗೆದ್ದದ್ದೂ ಸುಳ್ಳು. ಗೆದ್ದ ಎಂದು ಹೇಳಿದವಳು ನಾನು.

ನಡೆದದ್ದು ಇಷ್ಟೇ. ಇನ್ನು ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ಆದರೆ ಅವನಂಥ ತಿಕ್ಕಲನನ್ನು ನೀವು ನೋಡಿರಲಿಕ್ಕಿಲ್ಲ, ಹಾಗಾಗಿ ಹೇಳುತ್ತೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವನು ಇಳಕಲ್ಲಿನ ನೇಕಾರ. ಲಗ್ನವಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಹುನಗುಂದದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಮುಂದೆ ಹೋಗುತ್ತಿದ್ದ ಹೆಂಗಸೊಬ್ಬಳ ಸೆರಗನ್ನು ಇವನು ಗಪ್ಪನೆ ಹಿಡಿದ! ಹಿಡಿದು, ಬೆಳಕಿಗೆ ಎತ್ತಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ: "ಎರಡು ಕೈ ಬಿದ್ದಾವ ಇದಕ್ಕ!"

ಆಕೆಯ ಗಂಡನ ಎರಡು ಕೈಯೂ ಇವನ ಕೊರಳಿಗೆ ಬಿದ್ದವು. ಬಿಡಿಸಿದವಳು ನಾನು. "ಮೂಳಾ, ಏನ್ ಮಾಡ್ದಿ?" ಎಂದರೆ, "ವೈನಿ, ಅರ್ಧ ಒಬ್ಬ ನೇದಾನ, ಅರ್ಧ ಇನ್ನೊಬ್ಬ ನೇದಾನ. ನಡುವ ಗೆರಿ ಬಿದ್ದೈತಿ. ಅಷ್ಟು ದೊಡ್ಡ ಗೆರಿ ಉಟ್ಕೊಂಡು ಆಕಿ ಹೆಂಗ ಊಟ ಮಾಡ್ತಾಳ?" ಎಂದ.

ಇದು ಹುಚ್ಚಲ್ಲ, ನಮ್ಮ ಕಸುಬು. ಕೈಮಗ್ಗದಲ್ಲಿ ಎಳೆ ಬಿಗಿಯಲು ಒಬ್ಬೊಬ್ಬರು ಹಲಗೆ ಬಡಿಯುವ ಬಿರುಸು ಒಂದೊಂದು ಥರ. ಒಂದು ಸೀರೆಯ ನಡುವೆ ಕೈ ಬದಲಾದರೆ ಬಟ್ಟೆಯ ಮೇಲೆ ಗೆರೆ ಬೀಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಮನೆಯಲ್ಲಿ ಯಾರೂ ಅವನ ಮಗ್ಗದ ಕುಣಿಗೆ, ಕಾಲು ಇಳಿಬಿಟ್ಟು ಕೂಡುವ ಆ ತಗ್ಗಿಗೆ, ಇಳಿಯುವಂತಿರಲಿಲ್ಲ. ತವರುಮನೆ ಕಮತಗಿಯಲ್ಲಿ ಹತ್ತು ವರ್ಷ ನೇಯ್ದು ಬಂದ ನನಗೂ ಇಲ್ಲಿ ಕೊಂಡಿ ಹಾಕುವ ಕೆಲಸವಷ್ಟೇ. ಸೀರೆಯ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಸಿಕ್ಕಿಸುವುದು. ಸಾವಿರಾರು ಎಳೆ. ಕಣ್ಣು ಮಂಜಾದದ್ದು ಅದರಲ್ಲೇ.

ಜೀವಮಾನವೆಲ್ಲ ಬೇರೆಯವರಿಗೆ ನೇಯ್ದವನು ಹೋದ ವರ್ಷ ತನ್ನದೇ ಒಂದು ಸೀರೆ ಮಗ್ಗಕ್ಕೆ ಏರಿಸಿದ. ಯಾರಿಗೆ ಎಂದು ಕೇಳಿದೆ.

"ನಿನಗ, ವೈನಿ. ನೀ ಸತ್ತಾಗ ಉಡಸಾಕ. ಅಂಗಡಿ ಸೀರಿ ಉಡಿಸಿ ಕಳಸಾಂಗಿಲ್ಲ ನಿನ್ನ."

ಬದುಕಿರುವಾಗ ಒಂದು ಕರವಸ್ತ್ರ ಕೊಡದವನು! "ಹಂಗಾರ ನಿಧಾನ ನೇಯಪಾ, ನನಗೇನೂ ಅವಸರಿಲ್ಲ," ಎಂದೆ.

ನಿಧಾನವೇ ಆಯಿತು. ಒಡಲು ಇನ್ನು ಎರಡು ಮೊಳ, ಸೆರಗು ಪೂರ್ತಿ ಬಾಕಿ ಇದ್ದಾಗ ಒಂದು ಮುಂಜಾನೆ ಲಾಳಿಯ ಸಪ್ಪಳ ನಿಂತಿತು. ಹೋಗಿ ನೋಡಿದರೆ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕುಳಿತಿದ್ದಾನೆ. "ಬಲಗೈಗೆ ನಿದ್ದಿ ಹತ್ತೈತಿ," ಎಂದ. ಬಾಯಿ ಒಂದು ಕಡೆಗೆ ಸರಿದಿತ್ತು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, "ಬಲಗೈ ಎತ್ತರಿ ನೋಡೂಣು," ಎಂದರು. ಇವನು ಎಡಗೈಯಿಂದ ಬಲಗೈ ಹಿಡಿದು ಮೇಲಕ್ಕೆತ್ತಿದ.

"ಹಂಗಲ್ಲರಿ, ಅದರಷ್ಟಕ್ಕ ಅದು ಏಳಬೇಕು."

"ಇಷ್ಟು ವರ್ಷ ಎದ್ದೈತಲ್ರಿ ಸಾಹೇಬ್ರ! ಒಂದಿನ ನಾ ಎಬ್ಬಿಸಿದ್ರ ಏನಾತು?"

ಡಾಕ್ಟರು ನಕ್ಕರು. ಆಮೇಲೆ ನನ್ನನ್ನು ಹೊರಗೆ ಕರೆದು, ಕೈ ಬರುವುದಿಲ್ಲ, ಇನ್ನೊಮ್ಮೆ ಹೊಡೆದರೆ ಆಳೂ ಉಳಿಯುವುದಿಲ್ಲ ಎಂದರು. ಆಗ ನಗಲಿಲ್ಲ.

ಮನೆಗೆ ಬಂದವನಿಗೆ ಕೆಲಸವೇನು? ಟಿವಿ. ದಿನಾ ನಾಲ್ಕು ಗಂಟೆಗೆ ಕನ್ನಡದಲ್ಲಿ ಮಾತಾಡುವ ಒಂದು ಗೊಂಬೆ ಸಂಸಾರ ಬರುತ್ತಿತ್ತು. ಅದರಲ್ಲಿ ಒಬ್ಬ ಡೊಳ್ಳುಹೊಟ್ಟೆಯ ಅಪ್ಪ. ಅವನು ಹೆಂಡತಿಯ ಕಣ್ಣು ತಪ್ಪಿಸಿ ಒಂದು ಅಂಗಡಿಗೆ ಹೋಗಿ, ನಾಣ್ಯ ಹಾಕಿ ಆಡುವ ಪೆಟ್ಟಿಗೆಯ ಮುಂದೆ ನಿಲ್ಲುತ್ತಾನೆ. ಪೆಟ್ಟಿಗೆಯೊಳಗೆ ಇಬ್ಬರು ಪೈಲ್ವಾನರು. ಒಬ್ಬ ಕೋಣದ ಮುಖದವನು. ಇನ್ನೊಬ್ಬನಿಗೆ ಬಲಗೈಯೇ ಇಲ್ಲ. ಡೊಳ್ಳುಹೊಟ್ಟೆ ದಿನಾ ಒಂಟಿಗೈಯವನನ್ನೇ ಆರಿಸಿಕೊಂಡು ಗುಂಡಿ ಒತ್ತುತ್ತಾನೆ. ಕೋಣ ದಿನಾ ಒಂಟಿಗೈಯವನನ್ನು ಎತ್ತಿ ಒಗೆಯುತ್ತದೆ. ಎಲ್ಲರೂ ನಗುವುದು ಅದಕ್ಕೇ.

ಟಿವಿಯೇ ಸುಳ್ಳು. ಅದರೊಳಗಿನ ಗೊಂಬೆಗಳು ಆ ಸುಳ್ಳಿನ ಮಕ್ಕಳು. ಆ ಗೊಂಬೆಗಳು ಆಡುವ ಗೊಂಬೆಗಳು ಸುಳ್ಳಿನ ಮೊಮ್ಮಕ್ಕಳು! ಆ ಮೊಮ್ಮಗನ ಮೇಲೆ ನನ್ನ ಮೈದುನ ಜೀವ ಇಟ್ಟ. "ವೈನಿ, ಅಂವ ಒಮ್ಮಿ ಗೆದ್ದ ಅಂದ್ರ ನನ್ನ ಕೈ ಬರತೈತಿ. ಸೀರಿ ಮುಗಸ್ತೇನಿ," ಎಂದ.

ಟಿವಿಯನ್ನು ಮಗ್ಗದ ಎದುರಿಗೆ ಇಡಿಸಿದ. ನಾಲ್ಕು ಹೊಡೆಯುವ ಮೊದಲೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವುದು. ಕುಸ್ತಿ ಶುರುವಾದರೆ ಇವನು ಮಗ್ಗ ತುಳಿಯುವುದು! "ಎಡಗಾಲು ಮೊದಲು ಇಡಲೇ! ಎಡಗಾಲು! ನೇಕಾರ ಆಗಿದ್ರ ನಿನ್ನ ಕಾಲೇ ಮುರೀತಿದ್ದೆ!" ಪಕ್ಕದ ಮನೆಯ ಮಾಬುಸಾಬ ಕೋಣದ ಕಡೆ. ನೂಲಿಗೆ ಬಣ್ಣ ಹಾಕುವ ಕಸುಬಿನವನು, ಮೊಳಕೈತನಕ ಕೆಂಪು. ಇಬ್ಬರದೂ ನಲವತ್ತು ವರ್ಷದ ಸ್ನೇಹ.

"ನಿನ್ನ ಪೈಲ್ವಾನಗ ಕೈ ಇಲ್ಲ, ನಿನಗ ತಲಿ ಇಲ್ಲ," ಎನ್ನುತ್ತಿದ್ದ ಮಾಬುಸಾಬ.

"ನಿನ್ನ ಕೋಣಕ್ಕ ಎರಡು ಕೈ ಅದಾವಲೇ, ಒಂದರಾಗರ ಕಲೆ ಐತೇನು?"

ಸೋತವರು ಗೆದ್ದವರಿಗೆ ಚಹಾ ಕುಡಿಸಬೇಕೆಂದು ಪಂದ್ಯ. ಆರು ತಿಂಗಳು ಮಾಬುಸಾಬ ನಮ್ಮ ಮನೆಯ ಚಹಾ ಕುಡಿದ. ಒಂದು ದಿನವೂ ಒಂದು ತೊಟ್ಟು ಆ ಕಡೆಯಿಂದ ಈ ಕಡೆಗೆ ಬರಲಿಲ್ಲ.

ಶಿರೂರಿನಲ್ಲಿ ಯಾರೋ ಎಣ್ಣೆ ತಿಕ್ಕಿ ಕೈ ಎಬ್ಬಿಸುತ್ತಾರೆಂದು ಕೇಳಿ ಕರೆದುಕೊಂಡು ಹೋದೆ. ತೋಳಿಗೆ ಎಣ್ಣೆ ಸುರಿದು ತಿಕ್ಕುತ್ತಿದ್ದಾರೆ, ಇವನು ಗೋಡೆಯ ಗಡಿಯಾರ ನೋಡಿ ಎದ್ದೇಬಿಟ್ಟ! ಅಂಗಿಯಿಲ್ಲದೆ, ಎಣ್ಣೆ ಸೋರಿಸುತ್ತ, ಕಾಲು ಎಳೆಯುತ್ತ ಎದುರಿನ ಹೋಟೆಲಿಗೆ ನುಗ್ಗಿದ. ಅಲ್ಲಿ ಮಂದಿ ಕ್ರಿಕೆಟ್ ನೋಡುತ್ತಿದ್ದರು.

"ಅದನ್ನ ತಗೀರಿ! ಕುಸ್ತಿ ಹಚ್ಚರಿ!"

ಹೋಟೆಲಿನವನು ಇವನ ಜೋತುಬಿದ್ದ ಕೈ ನೋಡಿದ, ನನ್ನ ಮುಖ ನೋಡಿದ, ಚಾನೆಲ್ಲು ಬದಲಿಸಿದ. ಗೊಣಗುತ್ತಿದ್ದ ಮಂದಿ ಎರಡೇ ನಿಮಿಷದಲ್ಲಿ ಒಂಟಿಗೈಯವನ ಕಡೆ ಸೇರಿಬಿಟ್ಟರು. "ಹೊಡಿಯಲೇ! ಬಿಡಬ್ಯಾಡ!" ಹೋಟೆಲಿಗೆ ಹೋಟೆಲೇ ಎದ್ದು ನಿಂತಿತು. ಒಂಟಿಗೈ ಸೋತ. ಎಲ್ಲರೂ ಕುಳಿತು ತಣ್ಣಗಾದ ಭಜಿ ತಿಂದರು.

ಆಮೇಲೆ ಒಂದು ದಿನ, "ವೈನಿ! ಹೆಬ್ಬೆಟ್ಟು ಅಲಗ್ಯಾಡ್ತು!" ಎಂದು ಕೂಗಿದ. ಹಿಟ್ಟಿನ ಕೈಯಲ್ಲೇ ಓಡಿಹೋದೆ. ಹೆಬ್ಬೆಟ್ಟಿನ ಮೇಲೆ ನೊಣ ಕೂತಿತ್ತು. ನೊಣ ಹೊಡೆದೆ. ಅವನು ಆ ದಿನ ರೊಟ್ಟಿ ಮುಟ್ಟಲಿಲ್ಲ.

ನನ್ನ ಸೊಸೆ ಫೋನಿನಲ್ಲಿ ಎಲ್ಲಾ ಹುಡುಕುವವಳು. ಒಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದಳು.

"ಅತ್ತಿ, ಆ ಗೊಂಬಿ ಆಟ ಮುಗದು ಭಾಳ ವರ್ಷ ಆತಂತ. ಈಗ ಬರೋದೆಲ್ಲಾ ಹಳೇವು, ತಿರುಗಿ ತಿರುಗಿ ಹಾಕ್ತಾರ. ಅಂವ ಒಂದರಾಗೂ ಗೆಲ್ಲಾಂಗಿಲ್ಲ. ಸೋಲೋದ ಅದರಾಗಿನ ಮಜಾ ಅಂತ. ಕಾಕಾಗ ಹೇಳ್ಲ್ಯಾ?"

"ಹೇಳಿದ್ರ ನಿನ್ನ ನಾಲಿಗಿ ಕೀಳ್ತೇನಿ," ಎಂದೆ.

ಇಡೀ ಜನ್ಮದಲ್ಲಿ ನಾನು ಸತ್ಯ ಮುಚ್ಚಿಟ್ಟವಳಲ್ಲ. ನನ್ನ ಗಂಡ ಸಾಯುವಾಗ "ಉಳೀತೇನೇನ?" ಎಂದು ಕೇಳಿದ್ದಕ್ಕೆ "ಇಲ್ಲ" ಎಂದವಳು. ಆದರೆ ಆವತ್ತಿನಿಂದ ನಾಲ್ಕು ಗಂಟೆಯಾದರೆ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಗೆಲ್ಲುವುದಿಲ್ಲ ಎಂದು ಗೊತ್ತಿದ್ದೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರಿಗೆ ತಲೆ ಕೆಟ್ಟಿತ್ತು, ಅವನಿಗೋ ನನಗೋ?

"ಆ ಪೈಲ್ವಾನನ ಸಲುವಾಗಿ ಕಾಯೋದು ಬಿಡು," ಎಂದು ಒಮ್ಮೆ ಹೇಳಿದೆ. "ಉಳಿದದ್ದು ನಾ ನೇಯ್ತೇನಿ. ನನ್ನ ಸೀರಿ ತಾನ?"

"ಎರಡು ಕೈ ಬೀಳ್ತಾವ ವೈನಿ. ನೋಡಿದವರು ಏನಂತಾರ?"

"ನಾ ಸತ್ತಿರ್ತೇನಿ. ಯಾರು ಏನಂದ್ರ ನನಗೇನು?"

"ನಾ ಬದುಕಿರ್ತೇನಲಾ," ಎಂದ.

ಅದೂ ಸುಳ್ಳಾಯಿತು. ಒಂದು ದಿನ ಮಧ್ಯಾಹ್ನ ಉಂಡು ಕುಳಿತವನು ಹಾಗೇ ಮಗ್ಗದ ಪಕ್ಕಕ್ಕೆ ವಾಲಿದ. ಚಾಪೆಯ ಮೇಲೆ ಮಲಗಿಸಿದೆವು. ಗಾಡಿ ತರಲು ಹೋದ ಸೊಸೆ ಬರುವುದರೊಳಗೆ ನಾಲ್ಕಾಯಿತು. ಅವನ ಎಡಗೈ ಟಿವಿಯ ಕಡೆ ತೋರಿಸಿತು. ಹಚ್ಚಿದೆ. ಮಾಬುಸಾಬ ತಲೆಯ ಹತ್ತಿರ ಕುಳಿತಿದ್ದ. ಡೊಳ್ಳುಹೊಟ್ಟೆ ನಾಣ್ಯ ಹಾಕಿದ, ಕೋಣ ಬಂತು, ಒಂಟಿಗೈ ಬಂದ. ಕೋಣ ಎಂದಿನಂತೆ ಅವನನ್ನು ಎತ್ತಿ ಒಗೆಯಿತು. ನನ್ನ ಮೈದುನನ ಕಣ್ಣು ತೆರೆದೇ ಇದ್ದವು, ಆದರೆ ಟಿವಿಯ ಕಡೆಗಿರಲಿಲ್ಲ. ಸೂರಿನ ಕಡೆಗಿದ್ದವು.

"ಏನಾತು?" ಎಂದ. ಅರ್ಧ ಬಾಯಿಯ ಮಾತು.

"ಗೆದ್ದ," ಎಂದೆ.

ಮಾಬುಸಾಬ ನನ್ನ ಕಡೆ ನೋಡಿದ.

"ಹೆಂಗ?" ಎಂದ ಮಲಗಿದವನು.

ಸುಳ್ಳು ಹೇಳಿ ರೂಢಿಯಿಲ್ಲದವಳಿಗೆ ಇದೇ ಕಷ್ಟ. ಒಂದು ಹೇಳಿದರೆ ಇನ್ನೊಂದು ಕೇಳುತ್ತಾರೆ. "ನೀ ಹೇಳಿದಂಗ. ಎಡಗಾಲು ಮೊದಲು ಇಟ್ಟ. ಕೋಣ ಬಿತ್ತು."

"ಚಹಾ," ಎಂದ ನನ್ನ ಮೈದುನ.

ಮಾಬುಸಾಬ ಎದ್ದು ಓಡಿದ. ತನ್ನ ಮನೆಯಿಂದ ಬಟ್ಟಲು ತುಂಬ ಚಹಾ ತಂದ. ಓಡಿದ ಅವಸರಕ್ಕೆ ಅರ್ಧ ದಾರಿಯಲ್ಲೇ ಚೆಲ್ಲಿತ್ತು. "ತಗೋ ದೋಸ್ತಾ, ಸೋತ್ನಿ," ಎಂದು ಚಮಚದಿಂದ ಹಾಕಿದ. ಅದು ಬಾಯಿಯ ಮೂಲೆಯಿಂದ ಹೊರಗೆ ಬಂತು. ಗಾಡಿ ಬಂದು ಬಾಗಿಲಲ್ಲಿ ನಿಂತಾಗ ಹತ್ತಿಸಬೇಕಾದವನೇ ಉಳಿದಿರಲಿಲ್ಲ.

"ಗೆದ್ದ ಪೈಲ್ವಾನನ್ನ ನೋಡಿ ಹೋದ," ಎಂದು ಓಣಿಗೆಲ್ಲ ಸಾರಿದವನು ಮಾಬುಸಾಬ. ನಾನು ಹುಟ್ಟಿಸಿದ ಸುಳ್ಳನ್ನು ಅವನು ಸಾಕಿದ.

ಕತ್ತಲಾಗುವ ಮುಂಚೆ ಮಣ್ಣು ಮಾಡಿದೆವು. ನಮ್ಮಲ್ಲಿ ಕೂಡಿಸಿ ಹೂಳುತ್ತಾರೆ, ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ. ಬಲಗೈ ಇಲ್ಲದೆಯೂ ಅವನಿಂದ ಸರಿಯಾಗಿ ಆದ ಕೆಲಸ ಅದೊಂದೇ.

ಮರುದಿನ ಬೆಳಿಗ್ಗೆ ಎದ್ದೆ. ಟಿವಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಮಗ್ಗದ ಕುಣಿಗೆ ಇಳಿದೆ. "ಅತ್ತಿ, ಇವತ್ತಽ?" ಎಂದಳು ಸೊಸೆ. ನಾನು ಎಡಗಾಲು ಮೊದಲು ಇಟ್ಟೆ. ಅವನು ಬಡಿಯುತ್ತಿದ್ದ ಬಿರುಸನ್ನು ನೆನಪು ಮಾಡಿಕೊಂಡು ಹಲಗೆ ಬಡಿದೆ. ಒಂದು ಗೇಣು ನೇಯ್ದು, ಬಗ್ಗಿ ನೋಡಿದೆ.

ಗೆರೆ ಬಿದ್ದಿತ್ತು. ಈ ಕಡೆ ಅವನು, ಆ ಕಡೆ ನಾನು. ಬಿಚ್ಚಲಿಲ್ಲ. ಮುಂದಿನ ಎಳೆಗೆ ಲಾಳಿ ಒಗೆದೆ.