ತೆಂಕಣಕೇರಿಯ ಕೊನೆಯ ಸ್ಟಾಪು

ಬಸ್ಸು ದುರ್ಗಮ್ಮನ ಗೋಡೆಗೆ ಮತ್ತೆ ಗುದ್ದಿತು. ಉಮೇಶ ಬೇಸತ್ತು ಗೋಡೆಯನ್ನೇ ನಾಲ್ಕು ಅಡಿ ಹಿಂದಕ್ಕೆ ಸರಿಸಿಬಿಟ್ಟ.

ಇದಕ್ಕೆ ಗುದ್ದಲಿ ಬೇಕಾಗಲಿಲ್ಲ, ಮೌಸು ಸಾಕಾಯಿತು. ಗೋಡೆ ಇದ್ದದ್ದು ಕಂಪ್ಯೂಟರಿನೊಳಗೆ, ಬಸ್ಸೂ ಅಲ್ಲೇ. ಆದರೆ ಹೊರಗೆ, ಹೊನ್ನಾವರದ ಬದಿಯ ತೆಂಕಣಕೇರಿಯಲ್ಲಿ, ಅದೇ ಗೋಡೆ ಕಲ್ಲುಗಾರೆಯಲ್ಲಿ ನಿಂತಿತ್ತು. ಅದು ನಾಲ್ಕು ಅಡಿ ದಾರಿಯನ್ನು ನುಂಗಿದೆ ಎಂದು ಎದುರುಮನೆಯ ಗಣಪನೂ, ತನ್ನ ಜಾಗದಲ್ಲೇ ಇದೆ ಎಂದು ಮೀನು ಮಾರುವ ದುರ್ಗಮ್ಮನೂ ವರ್ಷಗಳಿಂದ ಜಗಳ ಕಾಯುತ್ತಿದ್ದರು. ಪಂಚಾಯ್ತಿಯವರು ಬಂದರು, ಸರ್ವೆಯವರು ಬಂದರು, ದೇವರ ಮುಂದೆ ಪ್ರಸಾದ ಕೇಳಿದ್ದೂ ಆಯಿತು. ಗೋಡೆ ಮಾತ್ರ ಅಲುಗಲಿಲ್ಲ.

ಉಮೇಶ ಹೊನ್ನಾವರ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮೆಷಿನ್ ನೋಡಿಕೊಳ್ಳುವವ. ಮನೆಗೆ ಬಂದರೆ ಅವನಿಗೊಂದು ಹವ್ಯಾಸ. ಬಸ್ಸು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಬಿಚ್ಚಿ, ಅದರೊಳಗಿನ ಪರದೇಶದ ರಸ್ತೆಗಳನ್ನು ಕಿತ್ತು, ಭಟ್ಕಳ, ಹೊನ್ನಾವರ, ಕುಮಟಾದ ರಸ್ತೆಗಳನ್ನು ಕೂರಿಸುತ್ತಿದ್ದ. ಹೀಗೆ ಆಟವನ್ನು ತಮಗೆ ಬೇಕಾದಂತೆ ತಿದ್ದುವುದಕ್ಕೆ ಬಲ್ಲವರು 'ಮಾಡ್' ಎನ್ನುತ್ತಾರೆ. ಇದನ್ನು ತಾಯಿ ಹೊನ್ನಿಗೆ ತಿಳಿಸಲು ಹೋಗಿ ಒಮ್ಮೆ ಫಜೀತಿಯಾಗಿತ್ತು.

"ಅದ್ರ ಮುಂದೆ ಕೂತ್ಕಂಡು ಎಂತ ಮಾಡ್ತೀ ತಮಾ?"

"ಮಾಡ್ ಮಾಡ್ತೆ."

"ಮಾಡೂದು ಕಾಣ್ತದೆ. ಎಂತ ಮಾಡ್ತೀ?"

"ಅದೇ ಅಬ್ಬೇ, ಮಾಡ್."

ಕರಾವಳಿಯಲ್ಲಿ ಮಾಡು ಎಂದರೆ ಮನೆಯ ಸೂರು. ಮಗ ಮಾಡಿನ ಕೆಲಸ ಕಲಿತ ಎಂದು ಹೊನ್ನಿ ಕೇರಿಗೆಲ್ಲ ಹೇಳಿಕೊಂಡು ಬಂದಳು. ಮಳೆಗಾಲಕ್ಕೆ ಮುಂಚೆ ಇಬ್ಬರು ಸೋರುವ ಹಂಚು ಸರಿಮಾಡಿ ಕೊಡೆಂದು ಕರೆಯಲು ಬಂದಿದ್ದರು. ಅವರಿಗೆ ವಿವರಿಸುವುದಕ್ಕಿಂತ ಮಾಡು ಹತ್ತುವುದೇ ಸುಲಭವೆನಿಸಿ ಉಮೇಶ ಒಬ್ಬರ ಮನೆಯದು ಹತ್ತಿಯೂ ಹತ್ತಿದ್ದ.

ಮೊದಮೊದಲು ಇದೆಲ್ಲ ಬರೀ ಮಜಾಕ್ಕೆ. ಭಟ್ಕಳದ ಗೆಳೆಯ ಅಜಯ ಮತ್ತು ಅವನು ಸೇರಿ ಬಸ್ಸಿಗೆ ದೋಣಿಯ ಇಂಜಿನ್ನಿನ ಸದ್ದು ಕೂರಿಸಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಬರಬರುತ್ತ ಉಮೇಶನಿಗೆ ಗಾಂಭೀರ್ಯ ಹಿಡಿಯಿತು. ರಜೆ ಸಿಕ್ಕಾಗಲೆಲ್ಲ ಬೈಕು ಹತ್ತಿ ರಸ್ತೆಯ ಹೊಂಡಗಳ ಅಳತೆ ತೆಗೆದ. ಹೊರಗೆ ಯಾರಾದರೂ ಒಂದು ಹೊಂಡ ಮುಚ್ಚಿದರೆ ಇವನು ಆಟದಲ್ಲೂ ಮುಚ್ಚುವನು. ಮಳೆಗೆ ಅದು ಮತ್ತೆ ಬಾಯಿ ಬಿಟ್ಟರೆ ಇವನೂ ಬಿಡಿಸುವನು. ನಗುವುದನ್ನು ಯಾವಾಗ ನಿಲ್ಲಿಸಿದನೋ ಅವನಿಗೇ ನೆನಪಿಲ್ಲ.

ಆ ಭಾನುವಾರ ಬೆಳಿಗ್ಗೆ ಅಜಯ ಫೋನು ಮಾಡಿದ. ಸಂಜೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಆಟ ಬಿಡುವುದೆಂದು ಮೊದಲೇ ನಿಗದಿಯಾಗಿತ್ತು.

"ಒಂದು ಮಜಾ ಸೇರ್ಸಿ ನಿಂಗೂ ಕಳ್ಸಿದ್ದೆ ಮಾರಾಯಾ. ಡ್ರೈವರ್ ಸೀಟಲ್ಲಿ ಬಂಗಡೆ ಮೀನು ಕೂರ್ಸಿದ್ದೆ. ಖಾಕಿ ಹಾಕಿ, ಮೀಸೆ ಇಟ್ಟು."

"ತೆಗಿ ಅದ್ನ. ಇದು ಆಟ ಅಲ್ಲ."

"ಆಟ ಅಲ್ದೆ ಮತ್ತೆಂತ?"

ಉಮೇಶ ಸಿಟ್ಟಿನಿಂದ ಫೋನು ಇಟ್ಟ.

ಗೋಡೆ ಸರಿಸಿದ್ದು ತಪ್ಪೆಂದು ಅವನಿಗೂ ಗೊತ್ತಿತ್ತು. ಆದರೆ ನಿಜದ ತೆಂಕಣಕೇರಿಗೆ ಬಸ್ಸೇ ಬರುವುದಿಲ್ಲ. ಹೈವೇಯಲ್ಲಿ ಇಳಿದು ನಡೆಯಬೇಕು. ಆಟದಲ್ಲಾದರೂ ಬರಲಿ ಎಂಬ ಆಸೆಯಿಂದ ಇಡೀ ದಾರಿಯಲ್ಲಿ ಎರಡೇ ಎರಡು ಹೊಂದಾಣಿಕೆ ಮಾಡಿದ್ದ. ಒಂದು ಈ ಗೋಡೆ. ಇನ್ನೊಂದು ಎಂದೋ ಮಾಡಿದ್ದು, ಅದು ಮರೆತೇಹೋಗಿತ್ತು.

ಮರೆಯದೆ ಏನು ಮಾಡಿಯಾನು? ಅವನ ತಲೆಯಲ್ಲಿ ಅವತ್ತು ಇದ್ದವಳು ಸೌಜನ್ಯಾ. ಹೋದ ತಿಂಗಳು ಕುಮಟಾಕ್ಕೆ ಹೋಗಿ ಹುಡುಗಿ ನೋಡಿ ಬಂದಿದ್ದ. ಅವಳು ಚಹಾ ಕೊಡುತ್ತ "ಸಕ್ಕರೆ ಸಾಕಾ?" ಎಂದು ಕೇಳಿದ್ದಷ್ಟೇ. ಅಂದಿನಿಂದ ಇವನಿಗೆ ಬೇರೆ ಯಾರು ಮಾಡಿದ ಚಹಾವೂ ರುಚಿಸುತ್ತಿರಲಿಲ್ಲ. ಅವಳಿಗೂ ಒಪ್ಪಿಗೆ. ಬಾಕಿ ಉಳಿದದ್ದು ಹುಡುಗಿ ಕಡೆಯವರು ಬಂದು ಹುಡುಗನ ಮನೆ ನೋಡುವ ಶಾಸ್ತ್ರ. ಅದಕ್ಕಾಗಿ ಅವಳ ಅಪ್ಪ ಹಮ್ಮ ಇವತ್ತು ಬರುವವನಿದ್ದ. ಹಮ್ಮ ಬಸ್ಸಿನ ಡ್ರೈವರು. ನಗುವುದು ಡ್ಯೂಟಿಗೆ ವಿರುದ್ಧವೆಂದು ನಂಬಿದವ. "ನಮ್ಮ ತಮ ಕಂಪ್ಯೂಟರಲ್ಲಿ ರಸ್ತೆ ಕೆಲ್ಸ ಮಾಡ್ತ. ಆಟಗೀಟ ಅಂದ್ರೆ ಅವಂಗೆ ಆಗೂದೇ ಇಲ್ಲ" ಎಂದು ಹೊನ್ನಿ ಅವನಿಗೆ ಹೇಳಿಟ್ಟಿದ್ದಳು.

ಗಣಪ ಏಣಿ ಕೇಳಲು ಬಂದವನು ಬಾಗಿಲಲ್ಲೇ ನಿಂತು ಪರದೆ ನೋಡಿದ.

"ಇದು ನಮ್ಮ ಕೇರಿ ಅಲ್ದ್ಯಾ?"

ಮೆಚ್ಚುವವರು ಸಿಕ್ಕರೆ ಉಮೇಶನಿಗೆ ಲಗಾಮು ಇರುತ್ತಿರಲಿಲ್ಲ. "ಉಪಗ್ರಹದ ಚಿತ್ರ ನೋಡಿ ಮಾಡಿದ್ದು ಗಣಪಣ್ಣ. ಒಂದು ಇಂಚು ಹೆಚ್ಚುಕಮ್ಮಿ ಇಲ್ಲ."

ಗಣಪ ಹತ್ತಿರ ಬಂದು ಗೋಡೆಯ ಮೇಲೆ ಬೆರಳಿಟ್ಟ. ಅವನ ಮುಖ ಬಲೆ ತುಂಬಿದ ದಿನದಂತೆ ಅರಳಿತು. ಏಣಿಯ ಮಾತೇ ಎತ್ತದೆ ಹೊರಟುಹೋದ.

ಸ್ವಲ್ಪ ಹೊತ್ತಿಗೆ ದುರ್ಗಮ್ಮ ಮೀನಿನ ಬುಟ್ಟಿಯ ಸಮೇತ ಜಗಲಿ ಹತ್ತಿದಳು. ಹಿಂದೆ ಗಣಪ.

"ನನ್ನ ಗೋಡೆ ದೂಡಿದ್ದು ಯಾರಾ?"

"ನಾ ದೂಡಿದ್ದಲ್ಲ, ಆಕಾಶದಿಂದ ಉಪಗ್ರಹ ಕಂಡದ್ದು" ಎಂದ ಗಣಪ. "ಉಪಗ್ರಹಕ್ಕೆ ನಿನ್ನ ಮೇಲೆ ಎಂತ ದ್ವೇಷ ಅದೆ?"

"ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಉದುರಿಸ್ಕಂಡು ಕಟ್ಟಿದ ಗೋಡೆ ತಮಾ ಅದು!" ದುರ್ಗಮ್ಮ ಬುಟ್ಟಿ ಇಳಿಸಿ ನೆತ್ತಿ ಬಗ್ಗಿಸಿ ತೋರಿಸಿದಳು. ಉಮೇಶನಿಗೆ ನಿಜವಾಗಿಯೂ ಕೆಡುಕೆನಿಸಿತು.

"ದುರ್ಗಮ್ಮಾ, ಇದು ಬರೀ ಆಟ. ತಮಾಷೆಗೆ ಮಾಡಿದ್ದು."

"ಎಂತ ತಮಾಷೆ?" ಎಂಬ ಭಾರದ ದನಿ ಅಂಗಳದಿಂದ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹಮ್ಮ ನಿಂತಿದ್ದ. ಹೈವೇಯಿಂದ ನಡೆದುಬಂದು ಬೆವೆತಿದ್ದ.

ಹೊನ್ನಿ ಒಳಗಿಂದ ಓಡಿಬಂದಳು. "ತಮಾಷೆ ಎಂತದೂ ಇಲ್ಲ. ರಸ್ತೆ ಕೆಲ್ಸ ತೋರಿಸ್ತಾ ಇದ್ದ. ಬನ್ನಿ, ಕೂತ್ಕಣಿ."

"ಗಂಭೀರ ಕೆಲ್ಸ" ಎಂದ ಉಮೇಶ ಬಲಕ್ಕೆ ತಿರುಗಿ.

"ಹಂಗಾದ್ರೆ ನನ್ನ ಗೋಡೆ?" ಎಂದಳು ದುರ್ಗಮ್ಮ.

"ತಮಾಷೆ" ಎಂದ ಎಡಕ್ಕೆ ತಿರುಗಿ.

ಹೀಗೆ ನಾಲ್ಕಾರು ಸಲ ತಿರುಗಿ ಉಮೇಶನ ಕತ್ತು ಹಿಡಿಯಿತು. ಅಷ್ಟರಲ್ಲಿ ಹೊನ್ನಿ ತಂದುಕೊಟ್ಟ ಚಹಾದ ಗ್ಲಾಸನ್ನು ಹಮ್ಮ ನೆಲಕ್ಕಿಟ್ಟು, "ರಸ್ತೆ ಖರೆನೋ ಸುಳ್ಳೋ ನಾ ಹೇಳ್ತೆ. ಎಲ್ಲದೆ ಸ್ಟಿಯರಿಂಗು?" ಎಂದ. ಉಮೇಶನ ಹತ್ತಿರ ಹಳೆಯದೊಂದು ಆಟದ ಸ್ಟಿಯರಿಂಗ್ ಇತ್ತು. ಅದನ್ನು ಹಮ್ಮ ಎರಡೂ ಕೈಯಲ್ಲಿ ಹಿಡಿದು, ಇಡಗುಂಜಿ ಗಣಪತಿಯನ್ನು ನೆನೆದು, ಕುಮಟಾ ಸ್ಟ್ಯಾಂಡಿನಿಂದ ಬಸ್ಸು ಹೊರಡಿಸಿದ.

ಹೊರಟವನೇ ಕನ್ನಡಿ ನೋಡಿದ. ಕನ್ನಡಿಯಲ್ಲಿ ಖಾಕಿ ತೊಟ್ಟ ಬಂಗಡೆ ಇತ್ತು. ಮೀಸೆ ಹೆಚ್ಚುಕಡಿಮೆ ಹಮ್ಮನದೇ. ಉಮೇಶನ ಎದೆ ಐಸಾಯಿತು.

"ಇಂವ ಯಾರು?"

"ಬಂಗಡೆ" ಎಂದ ಉಮೇಶ, ಸುಳ್ಳು ಹೊಳೆಯದೆ.

"ಯಾವ ಡಿಪೋ?"

"ಭಟ್ಕಳ."

ಹಮ್ಮ ತಲೆಯಾಡಿಸಿದ. "ಯೂನಿಫಾರ್ಮು ಸಮಾ ಹಾಕಿದ್ದ."

ಆಮೇಲೆ ಅವನು ಹಳದೀಪುರ ದಾಟಿದ, ಕರ್ಕಿ ದಾಟಿದ. ಹೊಂಡ ಬರುವ ಮೊದಲೇ ಕುರ್ಚಿಯಲ್ಲಿ ಎದ್ದು ಕೂರುತ್ತಿದ್ದ. ಅಡ್ಡಬಂದ ಬೈಕಿನವನಿಗೆ ಬ್ರೇಕು ಒತ್ತಲು ಹೋಗಿ ಚಹಾದ ಗ್ಲಾಸು ಒದ್ದ. ಹೊನ್ನಾವರ ಸ್ಟ್ಯಾಂಡಿನಲ್ಲಿ ಆಟದೊಳಗಿನ ಹೆಂಗಸೊಬ್ಬಳು "ಇಡಗುಂಜಿಗೆ ಹೋಗ್ತದ್ಯಾ?" ಎಂದು ಕೇಳಿದಾಗ, "ಇಲ್ಲ ಅಬ್ಬೇ, ಹಿಂದಿನದ್ರಲ್ಲಿ ಬನ್ನಿ" ಎಂದು ಪರದೆಗೆ ಉತ್ತರವನ್ನೂ ಕೊಟ್ಟ. ಅವನ ಮುಖದಲ್ಲಿ ನಗುವಿನಂಥದೇನೋ ಕಂಡಿತು. ಅದನ್ನು ಕಂಡು ಉಮೇಶ ಮನಸ್ಸಿನಲ್ಲೇ ಮಂಟಪ ಕಟ್ಟತೊಡಗಿದ.

ಬಸ್ಸು ತೆಂಕಣಕೇರಿಗೆ ಹೊರಳಿತು. ದುರ್ಗಮ್ಮನ ಗೋಡೆಯ ಹತ್ತಿರ ಬೆಣ್ಣೆಯಿಂದ ಎಳೆದ ಕೂದಲಿನಂತೆ ತಿರುಗಿತು.

"ಕುಮಟಾದಿಂದ ಇಲ್ಲೀವರೆಗೆ ಎಲ್ಲಾ ಸಮಾ ಅದೆ" ಎಂದ ಹಮ್ಮ. "ಅಂದ್ಮೇಲೆ ಗೋಡೆನೂ ಸಮಾನೇ."

"ನೀವೇ ಈಗ ನಡ್ಕಂಡು ಬಂದ್ರಲ್ಲಾ, ಗೋಡೆ ಕಂಡಿಲ್ವಾ?" ದುರ್ಗಮ್ಮ ಕೂಗಿದಳು.

"ಡ್ರೈವರಿಗೆ ನಡೆಯುವಾಗ ಎಂತದೂ ಕಾಣೂದಿಲ್ಲ. ಸ್ಟಿಯರಿಂಗ್ ಹಿಡಿದ್ರೆ ಮಾತ್ರ ಕಾಣೂದು." ಹಮ್ಮ ಉಮೇಶನ ಕಡೆ ತಿರುಗಿದ. "ಈಗ ನೀ ಹೇಳು. ಇದು ಖರೆನೋ, ಹುಡುಗಾಟನೋ? ಹುಡುಗಾಟ ಮಾಡುವವಂಗೆ ನಾ ಹುಡುಗಿ ಕೊಡೂದಿಲ್ಲ."

ಉಮೇಶ ದುರ್ಗಮ್ಮನ ಬೋಳು ನೆತ್ತಿ ನೋಡಿದ. ಸೌಜನ್ಯಾಳ ಚಹಾ ನೆನಪಾಯಿತು. ಮನುಷ್ಯ ಬಲಹೀನ.

"ಎಲ್ಲಾ ಖರೆ ಮಾವಾ. ಒಂದು ಇಂಚೂ ತಪ್ಪಿಲ್ಲ."

ಗಣಪ ತೊಡೆ ತಟ್ಟಿದ. ದುರ್ಗಮ್ಮ ಬುಟ್ಟಿಯ ಮೇಲೆಯೇ ಕುಸಿದು ಕೂತಳು. ಹಮ್ಮ ತೃಪ್ತಿಯಿಂದ ಗೇರು ಬದಲಿಸಿ, "ಇನ್ನು ನಿಮ್ಮ ಮನೆ ನೋಡ್ವ" ಎಂದು ಬಸ್ಸನ್ನು ಮುಂದೆ ಬಿಟ್ಟ.

ಗಣಪನ ಮನೆ ಬಂತು, ಬಾವಿ ಬಂತು, ಬಾವಿಯಾಚೆಯ ತೆಂಗಿನಮರವೂ ಬಂತು. ತೆಂಗಿನಮರದ ಪಕ್ಕ ಉಮೇಶನ ಮನೆ ಇರಬೇಕಾದಲ್ಲಿ ಒಂದು ಬಸ್ ಸ್ಟಾಪು ಇತ್ತು. ಅದರಡಿ ಒಂದು ನಾಯಿ ಮಲಗಿತ್ತು.

ಎರಡನೆಯ ಹೊಂದಾಣಿಕೆ ಉಮೇಶನಿಗೆ ಆಗ ನೆನಪಾಯಿತು. ಕೊನೆಯ ಸ್ಟಾಪಿಲ್ಲದೆ ಆಟ ಮುಗಿಯುವುದಿಲ್ಲ. ಕೇರಿಯಲ್ಲಿ ಬೇರೆ ಯಾರ ಜಾಗ ಮುಟ್ಟಿದರೂ ಜಗಳವೆಂದು, ಸದ್ಯಕ್ಕಿರಲಿ ಎಂದು ತನ್ನ ಮನೆಯನ್ನೇ ಅಳಿಸಿದ್ದ.

ಹಮ್ಮ ಬಸ್ಸು ನಿಲ್ಲಿಸಿದ. ಇಂಜಿನ್ ಆರಿಸಿದ. ಬಹಳ ಹೊತ್ತು ನಾಯಿಯನ್ನು ನೋಡಿದ.

"ಮನೆ ಎಲ್ಲದೆ?"

"ಇದು... ಇದೊಂದು ತಮಾಷೆ ಮಾವಾ."

"ಗೋಡೆ ಖರೆ, ಮನೆ ತಮಾಷೆ?"

"ಕಂಪ್ಯೂಟರು ಸುಳ್ಳು ಹೇಳ್ತದ್ಯಾ?" ಎಂದಳು ದುರ್ಗಮ್ಮ. ಅವಳಿಗೆ ಪುನಃ ಜೀವ ಬಂದಿತ್ತು. "ಉಪಗ್ರಹಕ್ಕೆ ಎಂತ ದ್ವೇಷ?"

ಹಮ್ಮ ತಲೆಯೆತ್ತಿ ಜಗಲಿಯ ಹಂಚುಗಳನ್ನು ನೋಡಿ, ಹೊನ್ನಿಯನ್ನು ನೋಡಿದ. "ಹುಡುಗ ಮಾಡು ಮಾಡ್ತ ಅಂತ ಕೇರಿ ಬಾಯಲ್ಲಿ ಕೇಳ್ಕಂಡು ಬಂದೆ. ಸ್ವಂತ ಮನೆಗೆ ಮಾಡೇ ಇಲ್ಲ. ಊರ ಹೊಂಡ ಎಲ್ಲಾ ನೆನಪಿದ್ದವಂಗೆ ತನ್ನ ಮನೆ ನೆನಪಿಲ್ಲ. ನಾಳೆ ನನ್ನ ಮಗ್ಳ ನೆನಪು ಇರ್ತದ್ಯಾ?"

ಉಮೇಶ ಕೈಮುಗಿದ. ಗೋಡೆ ಸರಿಸಿದ್ದು ತಾನೇ ಎಂದು ಎಲ್ಲರೆದುರು ಒಪ್ಪಿಕೊಂಡ. ಮನೆಯನ್ನೂ ಇವತ್ತೇ ಕಟ್ಟುತ್ತೇನೆಂದ. ಗಣಪ ಮುಖ ಸಣ್ಣ ಮಾಡಿ ಏಣಿ ಹೊತ್ತುಕೊಂಡು ಹೋದ.

"ಆತು" ಎಂದ ಹಮ್ಮ ಎದ್ದು. "ಇದ್ನ ನಂಗೊಂದು ಪೆನ್‌ಡ್ರೈವಿಗೆ ಹಾಕಿ ಕೊಡು. ಸರಿ ಮಾಡಿದ್ದನ್ನ ಆಮೇಲೆ ಮಗ್ಳ ಫೋನಿಗೆ ಕಳ್ಸು. ಮಗ್ಳ ಕಂಪ್ಯೂಟರಲ್ಲಿ ಇದೇ ಬಸ್ಸು ಓಡ್ಸ್ಕಂಡು ಬಂದು ಮನೆ ನೋಡ್ತೆ. ಮನೆ ಕಂಡ್ರೆ ತಾಂಬೂಲ."

ಅಲ್ಲಿಂದ ಸಂಜೆಯವರೆಗೆ ಉಮೇಶ ಊಟವನ್ನೂ ಮಾಡದೆ ಮನೆ ಕಟ್ಟಿದ. ಹಂಚುಗಳನ್ನು ಒಂದೊಂದಾಗಿ ಹೊದಿಸಿದ. ಜಗಲಿ, ಕಂಬ, ಬಾಗಿಲ ತೋರಣ ಎಲ್ಲ ಇಟ್ಟ. ಸ್ಟಾಪನ್ನು ನಾಯಿಯ ಸಮೇತ ಎದುರಿನ ಬಯಲಿಗೆ ಸಾಗಿಸಿದ. ದುರ್ಗಮ್ಮ ಬೆನ್ನ ಹಿಂದೆಯೇ ಕೂತು, ತನ್ನ ಗೋಡೆ ನಾಲ್ಕು ಅಡಿ ಮುಂದೆ ಬಂದು ಸ್ವಸ್ಥಾನ ಸೇರುವವರೆಗೆ ಅಲುಗಲಿಲ್ಲ. ಸೇರಿದ ಮೇಲೆ ಅವನ ತಲೆ ಸವರಿ, ಬುಟ್ಟಿಯಿಂದ ಬಂಗಡೆ ತೆಗೆದು ಹೊನ್ನಿಗೆ ಕೊಟ್ಟು ಹೋದಳು. ಈಗ ನಿಜವಾಗಿಯೂ ಒಂದು ಇಂಚೂ ತಪ್ಪಿರಲಿಲ್ಲ. ಉಮೇಶ ಅದನ್ನು ಸೌಜನ್ಯಾಳಿಗೆ ಕಳಿಸಿ ಕುರ್ಚಿಗೆ ಒರಗಿದ. ಓಡಿಸಿ ನೋಡಲು ಅವನಲ್ಲಿ ತ್ರಾಣ ಇರಲಿಲ್ಲ.

ಅಷ್ಟರಲ್ಲಿ ಅಜಯ ಆಟವನ್ನು ಎಲ್ಲರಿಗೂ ಬಿಟ್ಟಾಗಿತ್ತು. "ಜನ ಹುಚ್ಚು ಹಿಡಿದ ಹಂಗೆ ಆಡ್ತಾ ಇದ್ರು ಮಾರಾಯಾ!" ಎಂದ ಫೋನಿನಲ್ಲಿ.

"ಹೊಂಡಗಳ ಬಗ್ಗೆ ಎಂತ ಹೇಳಿದ್ರು?"

"ಹೊಂಡ ಯಾರೂ ನೋಡಿಲ್ಲ. ಎಲ್ರಿಗೂ ಬಂಗಡೆ ಬೇಕು."

ದೀಪ ಹಚ್ಚುವ ಹೊತ್ತಿಗೆ ಹಮ್ಮನ ಫೋನು ಬಂತು. ಉಮೇಶ ಎದ್ದು ನಿಂತು ಎತ್ತಿದ. ಹಿಂದೆ ಸೌಜನ್ಯಾ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು.

"ತಮಾ, ದೂರದಿಂದ ಮನೆ ಕಾಣ್ತದೆ. ಚಂದ ಅದೆ. ಮಾಡು ಅಂತೂ ಬಹಳ ಚಂದ ಆಯ್ದು."

"ಹಂಗಾದ್ರೆ ತಾಂಬೂಲ, ಮಾವಾ?"

"ಬರೂಕೆ ಆಗೂದಿಲ್ಲ. ಬಸ್ಸು ಆ ಮೀನಿನ ಹೆಂಗಸಿನ ಗೋಡೆಗೆ ಸಿಕ್ಕಿಬಿದ್ದದೆ. ಹಿಂದೆನೂ ಇಲ್ಲ, ಮುಂದೆನೂ ಇಲ್ಲ. ಬಂಗಡೆದು ತಪ್ಪಿಲ್ಲ, ಅಂವ ಒಳ್ಳೆ ಡ್ರೈವರು." ಹಮ್ಮ ನಿಟ್ಟುಸಿರು ಬಿಟ್ಟ. "ರಸ್ತೆನೇ ಇಲ್ಲದ ಮನೆಗೆ ಹುಡುಗಿ ಕೊಡೂದು ಹೆಂಗೆ ಮಾರಾಯಾ? ಆ ಗೋಡೆ ಒಂದು ನಾಲ್ಕಡಿ ಹಿಂದೆ ಇದ್ದಿದ್ರೆ ಆಗ್ತಿತ್ತು."

ಉಮೇಶ ಕಿಟಕಿಯಿಂದ ಹೊರಗೆ ನೋಡಿದ. ದುರ್ಗಮ್ಮ ತನ್ನ ಗೋಡೆಗೆ ಒರಗಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.